ಬಾಜೂಕ ಯಾರರೆ ಅದಾರೇನು?

ಪುಣೆಯ ಕರ್ವೆನಗರದಿಂದ ಬಿ.ಕಾಂ. ಎರಡನೇ ವರ್ಷದ ಹುಡುಗನೊಬ್ಬ ಬರೆದ ಪತ್ರ ಮೂರು ದಿನದಿಂದ ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ಊರು ಗದಗದ ಹತ್ತಿರದ ಹಳ್ಳಿ. ನಾಲ್ಕು ಹುಡುಗರು ಸೇರಿ ಫ್ಲಾಟ್ ಹಿಡಿದಿದ್ದಾರೆ. ನಾಗಪುರದವನೊಬ್ಬ, ಇಂದೋರಿನವನೊಬ್ಬ, ಬೆಂಗಳೂರಿನವನೊಬ್ಬ, ಮತ್ತೆ ಇವನು. ಶನಿವಾರ ರಾತ್ರಿ ಪಾರ್ಟಿ. ಮಾತಿಗೊಮ್ಮೆ ‘ಬ್ರೋ’ ಅನ್ನುವುದು, ಕಿವಿ ಒಡೆಯುವ ಹಾಡು, ಡಬ್ ಮಾಡಿದ ಸಿನಿಮಾ, ಇವುಗಳ ಬಗ್ಗೆ ಇವನು ಮನಸ್ಸಿಗೆ ಬಂದದ್ದನ್ನು ಹೇಳುತ್ತಾನೆ, ಅವರು ನಗುತ್ತಾರೆ. ‘ಇನ್ಮೇಲೆ ಅಭಿಪ್ರಾಯ ಹೇಳೋದೇ ಬಿಟ್ಬಿಡ್ಲಾ ಅಕ್ಕಾ?’ ಅಂತ ಕೇಳಿದ್ದಾನೆ.

ತಮ್ಮಾ, ನಿನ್ನ ಅಭಿಪ್ರಾಯಕ್ಕೆ ಯಾರೂ ನಗುತ್ತಿಲ್ಲ. ಪತ್ರದ ಎರಡನೇ ಪುಟದಲ್ಲಿ ನೀನೇ ಬರೆದಿದ್ದೀಯ, ಬೆಂಗಳೂರಿನ ಹುಡುಗ ನೀನು ಆಡಿದ್ದನ್ನೇ ನಿನ್ನ ಧಾಟಿಯಲ್ಲಿ ಎಳೆದು ಆಡಿ ತೋರಿಸುತ್ತಾನೆ ಅಂತ. ಅವನಿಂದ ಕಲಿತು ಈಗ ಇಂದೋರಿನವನೂ ಬಾಗಿಲು ತೆಗೆಯುವಾಗ ‘ಏನ್ ಮಾಡಾಕತ್ತೀಲೇ’ ಅನ್ನುತ್ತಾನೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ‘ನಾನೂ ನಗ್ತೀನಿ’. ಇದೆಲ್ಲ ನಿನಗೆ ದೊಡ್ಡದಾಗಿ ಕಂಡಿಲ್ಲ. ಇದಕ್ಕಿಂತ ಮುಖ್ಯವಾದದ್ದನ್ನು ಕೊನೆಯಲ್ಲಿ, ಕಂಸದೊಳಗೆ ತುರುಕಿದ್ದೀಯ. ಅವ್ವನ ಫೋನು ಬಂದರೆ ಮೆಟ್ಟಿಲ ಮೇಲೆ ಹೋಗಿ ಕೂತು ಬೆಂಗಳೂರು ಕನ್ನಡದಲ್ಲಿ ಮಾತಾಡುತ್ತೀಯ. ‘ಯಾಕಪಾ, ಬಾಜೂಕ ಯಾರರೆ ಅದಾರೇನು?’ ಅಂತ ಅವರು ಎರಡು ಮೂರು ಸಲ ಕೇಳಿದರಂತೆ. ಮೊದಲು ದಿನಾ ಮಾಡುತ್ತಿದ್ದವರು ಈಗ ಭಾನುವಾರ ಮಾತ್ರ ಮಾಡುತ್ತಾರಂತೆ. ಕಂಸ ಮುಗಿಯಿತು, ಮತ್ತೆ ಸಿನಿಮಾ ಶುರು.

ಆ ಕಂಸವೇ ನಿನ್ನ ಪತ್ರ, ತಮ್ಮಾ.

ನಾನು ಕುಂದಾಪುರದ ಕಡೆಯವಳು. 1984ರಲ್ಲಿ ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದಾಗ ‘ಹ್ವಾಯ್’, ‘ಬತ್ತೆ’, ‘ಹೋಯ್ಕ್’ ಅಂದರೆ ಗಂಡನ ಮನೆಯ ಕಡೆಯವರೊಬ್ಬರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಒಂದೇ ವರ್ಷದಲ್ಲಿ ಆ ಮಾತನ್ನು ಬಿಟ್ಟೆ. ಮೂರನೇ ವರ್ಷ ಊರಿಗೆ ಹೋದಾಗ ಅಮ್ಮ ನನ್ನ ಮುಂದೆ ತಡವರಿಸಿ ತಡವರಿಸಿ, ಪೇಟೆಯ ನೆಂಟರೊಂದಿಗೆ ಆಡುವ ಹಾಗೆ ಮಾತಾಡಿದಳು. ‘ಊಟ ಮಾಡುತ್ತೀಯಾ?’ ಅಂದಳು. ನನ್ನಮ್ಮ ಹುಟ್ಟಿದಾಗಿನಿಂದ ಯಾರಿಗೂ ಹಾಗೆ ಅಂದವಳಲ್ಲ. ಅವಳು ತೀರಿಕೊಳ್ಳುವವರೆಗೂ ಅದು ಸರಿಯಾಗಲಿಲ್ಲ. ಅದಕ್ಕೇ ಈ ಅಂಕಣದಲ್ಲಿ ಮನೆಮಾತಿನ ವಿಷಯ ಬಂದಾಗಲೆಲ್ಲ ನಾನು ಗಟ್ಟಿಯಾಗಿ ಮಾತಾಡುತ್ತೇನೆ.

ನಾಗಪುರದವನ ಮೇಲೆ, ಇಂದೋರಿನವನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದೊಂದು ಸದ್ದು ಮಾತ್ರ. ಸಿಟ್ಟು ಇರುವುದು ಬೆಂಗಳೂರಿನ ಹುಡುಗನ ಮೇಲೆ. ಆ ಮನೆಯಲ್ಲಿ ನಿನ್ನ ಮಾತು ತಿಳಿಯುವವನು ಅವನೊಬ್ಬನೇ. ಪರವೂರಿನಲ್ಲಿ ಕನ್ನಡದವನೊಬ್ಬ ಸಿಕ್ಕಿದರೆ ಜೀವಕ್ಕೆ ಎಷ್ಟು ಆಸರೆ ಅನ್ನುವುದು ಮುಂಬಯಿಯಲ್ಲಿ ನಲವತ್ತು ವರ್ಷ ಬದುಕಿದ ನನಗೆ ಗೊತ್ತು. ಆಸರೆಯಾಗಬೇಕಾದವನು ನಿನ್ನನ್ನು ಉಳಿದವರ ಮುಂದೆ ಆಡಿಕೊಳ್ಳುವ ವಸ್ತುವಾಗಿ ಇಟ್ಟಿದ್ದಾನೆ. ‘ಅವನು ಒಳ್ಳೆಯವನೇ ಅಕ್ಕಾ’ ಅಂದಿದ್ದೀಯ. ಇರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ.

ಸಿನಿಮಾದ ಬಗ್ಗೆ ನೀನು ಆವತ್ತು ಹೇಳಿದ್ದೇನು? ‘ಕನ್ನಡ ಸಿನಿಮಾದಾಗ ನಮ್ಮ ಕಡೆ ಮಾತು ಬರೀ ನಗಸಾವಗ, ಇಲ್ಲಾ ಮನಿ ಆಳಿಗೆ ಕೊಡ್ತಾರ.’ ಪತ್ರದಲ್ಲಿ ನಿನ್ನ ಬಾಯಿಂದ ಬಂದ ನಿನ್ನ ಮಾತು ಇದೊಂದೇ, ಅದನ್ನೇ ‘ಸುಮ್ನೆ ಹೇಳಿದ್ದು’ ಅಂತ ತಳ್ಳಿಹಾಕಿದ್ದೀಯ. ಬಹುಪಾಲು ನಿಜ ಅದು. ನಾಯಕ ಪ್ರೀತಿ ಮಾಡುವುದು, ಅಳುವುದು ಒಂದು ಕನ್ನಡದಲ್ಲಿ, ಪಕ್ಕದಲ್ಲಿ ನಿಂತು ಒದೆ ತಿನ್ನುವವನು ನಿಮ್ಮ ಕನ್ನಡದಲ್ಲಿ. ಹಾಗಿರಲೇಬೇಕು ಅಂತ ಏನೂ ಇಲ್ಲ. ‘ತಿಥಿ’ ಸಿನಿಮಾದಲ್ಲಿ ಮಂಡ್ಯದ ಹಳ್ಳಿಯ ಜನರೇ, ಅಭಿನಯ ಕಲಿಯದವರೇ, ತಮ್ಮ ಮಾತನ್ನು ಇದ್ದ ಹಾಗೇ ಆಡಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. 2022ರಲ್ಲಿ ನಮ್ಮ ಕುಂದಾಪುರ ಕಡೆಯ ಮಾತಿನ ‘ಕಾಂತಾರ’ ಬಂದಾಗ ನಮ್ಮ ಕಟ್ಟಡದ ಅಜ್ಜಿಯೊಬ್ಬರು, ಮೊಣಕಾಲು ನೋವಿನಿಂದ ಗೇಟಿನವರೆಗೂ ಬಾರದವರು, ರಿಕ್ಷಾ ಹತ್ತಿ ಥಿಯೇಟರಿಗೆ ಹೋದರು. ದೇವರಿಗಾಗಿ ಅಲ್ಲ. ‘ಅಲ್ಲಿ ನಮ್ಮ ಹಾಂಗೇ ಮಾತಾಡ್ತ್ರಂಬ್ರ್’ ಅಂತ.

ಇನ್ನೊಂದು ವಿಷಯ ನಿನಗೆ ಹೊಳೆದೇ ಇಲ್ಲ. ನೀನು ಬಂದಿರುವುದು ಪುಣೆಗೆ. ಬಾಜೂ (ಪಕ್ಕ), ಖೋಲಿ (ಕೋಣೆ), ಬಟಾಟಿ (ಆಲೂಗಡ್ಡೆ), ತಾಬಡತೋಬ (ತಕ್ಷಣ). ನೀನು ನಾಚಿಕೊಂಡು ನುಂಗುವ ಇಂಥ ಮಾತುಗಳೆಲ್ಲ ಅಲ್ಲಿನ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸಿಗೆ ತಿಳಿಯುತ್ತವೆ. ನಿಮ್ಮ ಸೀಮೆಯ ಮಾತಿಗೂ ಮರಾಠಿಗೂ ಅಷ್ಟು ಹಳೆಯ ಕೊಡುಕೊಳ್ಳುವಿಕೆ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅವರ ಮನೆಮಾತು ಮರಾಠಿ. ಕವಿತೆ ಕಟ್ಟಿದ್ದು ಮಾತ್ರ ಧಾರವಾಡದ ಓಣಿಯ ಕನ್ನಡದಲ್ಲಿ, ಜ್ಞಾನಪೀಠ ಬಂದದ್ದೂ ಆ ಕನ್ನಡದ ಕವಿಗೇ. ಬೆಂಗಳೂರಿನ ಆ ಹುಡುಗನಿಗೆ ಇದನ್ನು ಹೇಳಬೇಕಾಗಿಲ್ಲ. ನಿನಗೆ ಗೊತ್ತಿದ್ದರೆ ಸಾಕು.

ಪಾರ್ಟಿಗೆ ಹೋಗು, ಬೇಡ ಅನ್ನುವುದಿಲ್ಲ. ಹೊಟ್ಟೆ ತುಂಬ ಉಂಡು ಹೋಗು, ಬೇಸರವಾದರೆ ಎದ್ದು ಬಾ. ಅಭಿಪ್ರಾಯ ಹೇಳುವುದೂ ಬಿಡುವುದೂ ಆಮೇಲಿನ ಮಾತು.

ಮಾಡಬೇಕಾದದ್ದು ಒಂದೇ. ಭಾನುವಾರದವರೆಗೆ ಕಾಯಬೇಡ. ಇವತ್ತು ರಾತ್ರಿ ನಾಲ್ವರೂ ಮನೆಯಲ್ಲಿರುವಾಗ ನೀನೇ ಅವ್ವನಿಗೆ ಫೋನ್ ಹಚ್ಚು. ಮೆಟ್ಟಿಲ ಮೇಲೆ ಅಲ್ಲ, ಹಾಲ್‌ನ ನಡುವೆ ಕೂತು. ಉಂಡೀಯೇನವ್ವಾ ಅಂತ ಕೇಳು, ಮಳಿ ಆತೇನು ಅಂತ ಕೇಳು. ಹಿಂದೆ ಯಾರಾದರೂ ಅಣಕಿಸಿ ನಕ್ಕರೆ ನಗಲಿ, ದನಿ ತಗ್ಗಿಸಬೇಡ. ಆ ಸಪ್ಪಳ ಕೇಳಿ ಅವರು ಮತ್ತೆ ‘ಬಾಜೂಕ ಯಾರರೆ ಅದಾರೇನು?’ ಅನ್ನಬಹುದು. ‘ಹೌದವ್ವಾ, ಎಲ್ಲಾರೂ ಇಲ್ಲೇ ಅದಾರ’ ಅನ್ನು.