ಚುನಾವಣೆಗೆ ನಿಲ್ಲುವವರಿಗೆ ಎಸ್ಸೆಸ್ಸೆಲ್ಸಿ ಕಡ್ಡಾಯ ಮಾಡಬೇಕಾ?

ಬೇಡ. ಪಂಚಾಯಿತಿ ಮಟ್ಟದಲ್ಲಂತೂ ಖಂಡಿತ ಬೇಡ.

ಈಗ ನಮ್ಮಲ್ಲಿ ವಯಸ್ಸಿನ ಮಿತಿ ಇದೆ. ಗ್ರಾಮ ಪಂಚಾಯಿತಿಗೆ 21, ವಿಧಾನಸಭೆಗೆ, ಲೋಕಸಭೆಗೆ 25. ಓದಿನ ಷರತ್ತು ಇಲ್ಲ. ಎಷ್ಟು ಓದಿದ್ದೀರಿ ಅಂತ ಎಂಎಲ್ಎ, ಎಂಪಿ ಅಭ್ಯರ್ಥಿಗಳು ಅಫಿಡವಿಟ್‌ನಲ್ಲಿ ಬರೆಯಬೇಕು, ಅಷ್ಟೇ.

ಷರತ್ತು ಹಾಕಿ ನೋಡಿದ ರಾಜ್ಯಗಳಿವೆ. ಹರಿಯಾಣ 2015ರಲ್ಲಿ ಪಂಚಾಯಿತಿಗೆ ನಿಲ್ಲುವ ಗಂಡಸರಿಗೆ ಸಾಮಾನ್ಯವಾಗಿ ಹತ್ತನೇ ಕ್ಲಾಸು ಬೇಕು ಅಂತು. ಮನೆಯಲ್ಲಿ ಶೌಚಾಲಯ ಇರಬೇಕು, ಕರೆಂಟ್ ಬಿಲ್ ಬಾಕಿ ಇರಬಾರದು. ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ರಾಜಸ್ಥಾನ 2014ರಲ್ಲಿ ತಂದ ಇಂಥದೇ ನಿಯಮವನ್ನು 2019ರಲ್ಲಿ ಕೈಬಿಟ್ಟಿತು. ತಮಾಷೆ ಅಂದರೆ, ಈ ಕಾನೂನು ಮಾಡಿದ ಶಾಸಕರಿಗೆ ಮಾತ್ರ ಯಾವ ಕ್ಲಾಸೂ ಬೇಕಿರಲಿಲ್ಲ!

ನಮ್ಮ ಹೊಸನಗರದ ಕಡೆ ಇದನ್ನು ತಂದರೆ ಮೊದಲು ಹೊರಗೆ ಬೀಳುವವರು ವಯಸ್ಸಾದ ಹೆಂಗಸರು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆ ಬಂದ್, ಹೆಣ್ಣುಮಕ್ಕಳನ್ನು ಅಲ್ಲಿಗೇ ಬಿಡಿಸುತ್ತಿದ್ದ ಕಾಲದವರು ಅವರು. ನಮ್ಮ ಪಂಚಾಯಿತಿಯಲ್ಲೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಸದಸ್ಯೆಯೊಬ್ಬರಿದ್ದರು. ಹಳ್ಳ ದಾಟುವ ಪುಟ್ಟ ಸೇತುವೆ, ಅಂದರೆ ಒಂದು ಕಾಲುಸಂಕದ ಎಸ್ಟಿಮೇಟ್ ಸಭೆಗೆ ಬಂತು. ಡಿಗ್ರಿ ಮಾಡಿದವರೆಲ್ಲ ಮೊತ್ತ ನೋಡಿ ತಲೆಯಾಡಿಸಿದರು. ಇವರು ಕೇಳಿದರು, "ಸಾರ್, ಅಳತೆ ತಗಂಡಿದ್ದು ಯಾವಾಗ?" ಬೇಸಿಗೆಯಲ್ಲಿ ಅಂದರು ಇಂಜಿನಿಯರ್. "ಪುಷ್ಯ ಮಳೇಲಿ ನೀರು ಆಚೆ ದಡದ ಹಲಸಿನ ಬೇರಿಗೆ ಬರ್ತದೆ. ನಿಮ್ಮ ಸಂಕ ಅಲ್ಲಿಗೆ ಮುಟ್ಟೋದೇ ಇಲ್ವಲ್ಲ?" ಮತ್ತೆ ಹೋಗಿ ಅಳತೆ ತೆಗೆದರು.

ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಹೋರಾಟ ಗೊತ್ತಲ್ವಾ? ಒಡೆಯರಿಗೆ ಕೊಡುವ ಗೇಣಿ ಭತ್ತ ಅಳೆಯುವ ಪಾತ್ರೆ, ಕೊಳಗ, ದೊಡ್ಡದು ಅಂತ ಜಗಳ ತೆಗೆದವರು ಸರ್ಟಿಫಿಕೇಟ್ ಇಟ್ಟುಕೊಂಡವರಲ್ಲ, ಗೇಣಿ ರೈತರು.

ಹಾಗಂತ ಓದು ಬೇಡವೇ ಬೇಡ ಅನ್ನೋಕಾಗಲ್ಲ. ಅದೇ ಸದಸ್ಯೆ ಕ್ರಿಯಾಯೋಜನೆಯ ಪುಟ ಬಂದಾಗ ಪಕ್ಕದವರ ಮುಖ ನೋಡುತ್ತಿದ್ದರು. ಸಹಿ ಹಾಕಿಸಿಕೊಳ್ಳುವವರಿಗೆ ಅದು ಒಳ್ಳೆ ಅನುಕೂಲ. ಇದಕ್ಕೆ ನನ್ನ ಪ್ರಕಾರ ಗೆದ್ದ ಮೇಲೆ ತರಬೇತಿ ಕೊಡಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಇರೋದೇ ಇದಕ್ಕೆ. ಸುಮ್ನೆ ಊಟ, ಬ್ಯಾಗು ಕೊಟ್ಟು ಕಳಿಸುವ ತರಬೇತಿ ಆಗಬಾರದು. ತಮ್ಮದೇ ಪಂಚಾಯಿತಿಯ ಜಮಾ-ಖರ್ಚು ಎದುರಿಗಿಟ್ಟುಕೊಂಡು ಕಲಿಯಬೇಕು. ಜೊತೆಗೆ, ಪ್ರತಿ ಬಿಲ್ಲನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದ ಮೇಲೇ ಸಹಿ ಅಂತ ನಿಯಮ ಮಾಡಲಿ. ಓದಿದ ಸದಸ್ಯರೂ ಎಷ್ಟೋ ಜನ ಆ ಕಾಗದ ತೆರೆದು ನೋಡಿರಲ್ಲ.