ಭಾರತದ ವಕೀಲರು ಕೆನಡಾದಲ್ಲಿ ವಕೀಲಿ ವೃತ್ತಿ ನಡೆಸಲು ಮತ್ತೆ ಕಾನೂನು ಪದವಿ ಓದಬೇಕೇ?

ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಮುಗಿಸಿ ದಾವಣಗೆರೆಯ ನ್ಯಾಯಾಲಯದಲ್ಲಿ ವಕೀಲರಾಗಿರುವ ನೀವು, ಪತ್ನಿಯ ಉದ್ಯೋಗದ ನಿಮಿತ್ತ ಟೊರಾಂಟೊಗೆ ಹೋಗಲಿದ್ದು, ಅಲ್ಲಿ ಕಾನೂನನ್ನು ಮೊದಲಿನಿಂದ ಓದಬೇಕೇ ಎಂದು ಕೇಳಿದ್ದೀರಿ. ಕಾಲೇಜಿಗೆ ಹಾಜರಾಗಿ ಪಡೆದ ಪದವಿಯಾದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಾನೂ ಬೆಂಗಳೂರಿನಲ್ಲಿ ವಕೀಲಿ ಮಾಡಿ, ಇದೇ ದಾರಿಯಲ್ಲಿ, ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಸನ್ನದು ಪಡೆದವನು.

ಮೊದಲ ಹೆಜ್ಜೆ ನ್ಯಾಷನಲ್ ಕಮಿಟಿ ಆನ್ ಅಕ್ರೆಡಿಟೇಶನ್, ಅಂದರೆ ಎನ್‌ಸಿಎ. ನಿಮ್ಮ ಓದು, ಅಂಕ ಮತ್ತು ಅನುಭವಗಳನ್ನು ಪರಿಶೀಲಿಸಿ, ಯಾವ ವಿಷಯಗಳಲ್ಲಿ ಪರೀಕ್ಷೆ ಬರೆಯಬೇಕೆಂದು ಅದು ತಿಳಿಸುತ್ತದೆ. ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ಕೆನಡಾ ಕಾನೂನಿನ ಬುನಾದಿ, ವೃತ್ತಿನೀತಿ ಎಂಬ ಐದು ವಿಷಯಗಳು ಭಾರತದಿಂದ ಬಂದವರಿಗೆ ತಪ್ಪುವುದಿಲ್ಲ. ಕ್ವಿಬೆಕ್ ಪ್ರಾಂತ್ಯಕ್ಕೆ ಮಾತ್ರ ಈ ದಾರಿ ಸಲ್ಲದು. ಅಲ್ಲಿಯ ಖಾಸಗಿ ಕಾನೂನು ಫ್ರೆಂಚ್ ಮೂಲದ್ದು.

ಪುಸ್ತಕ ತೆರೆದು ಬರೆಯಬಹುದಾದ ಪರೀಕ್ಷೆಯೆಂದು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಅಲ್ಲಿ ಕೇಳುವುದು ಕಲಮುಗಳನ್ನಲ್ಲ; ಕೊಟ್ಟ ಸಂಗತಿಗಳಿಗೆ ತೀರ್ಪುಗಳ ತತ್ವವನ್ನು ಅನ್ವಯಿಸಿ ನೀವು ಹೇಗೆ ವಾದಿಸುತ್ತೀರಿ ಎಂಬುದನ್ನು. ಸಂವಿಧಾನದ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ. ಉಳಿಕೆ ಅಧಿಕಾರವನ್ನು, ಅಂದರೆ ಯಾರಿಗೂ ಹಂಚದೆ ಉಳಿದ ವಿಷಯಗಳ ಮೇಲಿನ ಅಧಿಕಾರವನ್ನು, ಕೇಂದ್ರಕ್ಕೆ ಕೊಡುವ ಏರ್ಪಾಡನ್ನು ನಮ್ಮ ಸಂವಿಧಾನ ಪಡೆದದ್ದೇ ಕೆನಡಾದಿಂದ. ಹಕ್ಕಿನ ಮೇಲಿನ ನಿರ್ಬಂಧವು ಅದರ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿದೆಯೇ ಎಂದು ಅಳೆಯುವ, ಕೆನಡಾ ಸುಪ್ರೀಂ ಕೋರ್ಟಿನ 1986ರ ಓಕ್ಸ್ ತೀರ್ಪಿನ ವಿಧಾನವೂ ನಿಮಗೆ ಹೊಸದೆನಿಸದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಆಧಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದಕ್ಕೆ ಹತ್ತಿರದ ಪರೀಕ್ಷೆಯನ್ನೇ ಬಳಸಿದೆ. ಆದರೆ ಮೂಲನಿವಾಸಿಗಳ ಒಪ್ಪಂದಗಳು ಮತ್ತು ಭೂಹಕ್ಕುಗಳ ಕಾನೂನು ನಮ್ಮ ಪಠ್ಯದಲ್ಲಿ ಇರುವುದೇ ಇಲ್ಲ. ಹೆಚ್ಚಿನ ಸಮಯವನ್ನು ಅದಕ್ಕೇ ಮೀಸಲಿಡಿ, ಅಂಕಕ್ಕಾಗಿ ಮಾತ್ರವಲ್ಲ. ನೀವು ಕೆಲಸ ಮಾಡಲಿರುವುದು ಅವರ ನೆಲದಲ್ಲಿ.

ಎನ್‌ಸಿಎ ಪ್ರಮಾಣಪತ್ರ ಕೈಗೆ ಬಂದರೂ ನೀವು ಅಲ್ಲಿ ವಕೀಲರಾಗುವುದಿಲ್ಲ. ವಕೀಲರಿಗೆ ಸನ್ನದು ಕೊಡುವ ಒಂಟಾರಿಯೊ ಲಾ ಸೊಸೈಟಿಯ ಬ್ಯಾರಿಸ್ಟರ್ ಮತ್ತು ಸಾಲಿಸಿಟರ್ ಪರೀಕ್ಷೆಗಳೂ ಆರ್ಟಿಕ್ಲಿಂಗ್ ಎಂಬ ವೃತ್ತಿ ತರಬೇತಿಯೂ ಉಳಿದಿರುತ್ತವೆ. ಪರಿಚಯಸ್ಥರಿಲ್ಲದ ಊರಿನಲ್ಲಿ ತರಬೇತಿಗೆ ಕಚೇರಿ ಹುಡುಕುವುದೇ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಠಿಣ. ಪೌರತ್ವ ಮಾತ್ರ ಅಡ್ಡಿಯಾಗದು. ವಕೀಲರಾಗಲು ಕೆನಡಾದ ಪ್ರಜೆಯೇ ಆಗಿರಬೇಕೆಂಬ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಿಯಮವನ್ನು ಆಂಡ್ರೂಸ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 1989ರಲ್ಲೇ ರದ್ದುಪಡಿಸಿತು.

ಊರು ಬಿಡುವ ಮುನ್ನವೇ ಎನ್‌ಸಿಎಗೆ ಅರ್ಜಿ ಹಾಕಿ. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯವೇ ನೇರವಾಗಿ ಕಳುಹಿಸಬೇಕಾಗಿರುವುದರಿಂದ, ಖುದ್ದಾಗಿ ಹೋಗಿ ವಿಚಾರಿಸುವ ಅನುಕೂಲ ಇರುವಾಗಲೇ ಆ ಕೆಲಸ ಮುಗಿಯಲಿ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಿಂದ ಪಡೆಯಬೇಕಾದ ಪತ್ರಗಳ ವಿಷಯದಲ್ಲೂ ಹೀಗೇ ಮಾಡಿ. ಅಲ್ಲಿ ಸನ್ನದು ಸಿಗುವವರೆಗೆ, ನಮ್ಮವರೇ ಒತ್ತಾಯಿಸಿ ಕೇಳಿದರೂ, ಕಾನೂನು ಸಲಹೆ ಕೊಡಬೇಡಿ. ಅನುಮತಿಯಿಲ್ಲದೆ ವೃತ್ತಿ ನಡೆಸಿದ ಆರೋಪ ಬಂದರೆ ಮುಂದೆ ನಿಮ್ಮ ನಡತೆಯ ಪರಿಶೀಲನೆಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.