ಎಲ್ಲಾರೂ ನನ್ನ ಬಾಯೀನ ನೋಡ್ತಾರ

ರಜೆಗೆ ಬೆಳಗಾವಿಯಿಂದ ಗೋವಾಕ್ಕೆ ಹೋಗಿ, ಹೋಟೆಲ್ ಟೇಬಲ್ಲಿನಲ್ಲೇ ಜಗಳವಾಡಿ, ಮುಖ ಊದಿಸಿಕೊಂಡು ಬರುವ ಕುಟುಂಬಗಳು ಒಂದೆರಡಲ್ಲ. ಆಪ್ತಸಲಹೆಗೆಂದು ನನ್ನ ಬಳಿ ಬಂದ ಅಂಥ ಒಂದು ಕುಟುಂಬದ ಮಾತಿದು, ಗುರುತು ಬದಲಿಸಿದ್ದೇನೆ: ಅಪ್ಪ, ಅವ್ವ, ಅಜ್ಜಿ, 10 ವರ್ಷದ ಮಗಳು, 7 ವರ್ಷದ ಮಗ. ಸಸ್ಯಾಹಾರಿಗಳು. ಮಗಳಿಗೆ ತಾಟಿನಲ್ಲಿ ಪಲ್ಯ ಚಟ್ನಿಗೆ ತಾಗಬಾರದು. ಮಗನಿಗೆ ಚಪಾತಿ-ಸಕ್ಕರೆ, ಮೊಸರನ್ನ, ಬಟಾಟಿ, ಪನೀರ್ ಬಿಟ್ಟರೆ ಬಾಕಿ ಎಲ್ಲಕ್ಕೂ ತಕರಾರು. ಇಬ್ಬರ ತೂಕ, ಎತ್ತರ ಸರಿಯಾಗಿವೆ ಎಂದು ಮಕ್ಕಳ ವೈದ್ಯರು ಹೇಳಿದ್ದರು.

ಅಪ್ಪನ ದೂರು ಒಂದೇ. ಗ್ರೀಕ್ ರೆಸ್ಟೋರೆಂಟಿಗೆ ಕರಕೊಂಡು ಹೋದರೆ ಹುಡುಗ ಬಾಯಿಗೆ ಹಾಕಿದ್ದನ್ನೆಲ್ಲ ಟೇಬಲ್ ಮೇಲೆ ಕಾರಿಕೊಂಡ. “ಮಂದಿ ಮುಂದ ಮಾನ ಹೋತ್ರೀ ಮೇಡಮ್.”

ಮೂರನೆಯ ಭೇಟಿಯಲ್ಲಿ ಅಂದಿನ ಇಡೀ ದಿನವನ್ನು ಬಿಡಿಸಿ ಕೇಳಿದೆ. ಚೋರ್ಲಾ ಘಾಟಿನ ತಿರುವುಗಳಲ್ಲಿ ಹುಡುಗನಿಗೆ ಹೊಟ್ಟೆ ತೊಳಸಿತ್ತು. ಆಮೇಲೆ ಕಾರಿನಲ್ಲಿ ಒಂದು ಪಾಕೀಟು ಚಿಪ್ಸ್. ಮನೆಯಲ್ಲಿ ಏಳೂವರೆಗೆ ಉಣ್ಣುವವನ ಮುಂದೆ ತಾಟು ಬಂದದ್ದು ಒಂಬತ್ತರ ಮೇಲೆ. ಮೊದಲು ಬಂದದ್ದು ಸಲಾಡ್, ಮೇಲೆ ಬಿಳಿ ಫೆಟಾ ಚೀಸ್. ಅವ್ವ “ಪನೀರ ಐತಿ, ತಿನ್ನು” ಎಂದಳು. ಅಪ್ಪ ಹುಡುಗನ ಬಾಯಿಗಿಟ್ಟ.

ಫೆಟಾ ಪನೀರ್ ಅಲ್ಲ. ಕುರಿಯ ಹಾಲಿನದು, ಆಡಿನ ಹಾಲು ಹೆಚ್ಚೆಂದರೆ 30% ಸೇರಬಹುದು. ಉಪ್ಪುನೀರಿನಲ್ಲಿ ಇಟ್ಟು ಹದಕ್ಕೆ ಬರಿಸಿದ್ದರಿಂದ ಉಪ್ಪು, ಹುಳಿ ಎರಡೂ ಜೋರು. (ಸಾಂಪ್ರದಾಯಿಕವಾಗಿ ಹಾಲು ಒಡೆಸುವುದು ಕರುವಿನ ಇಲ್ಲವೇ ಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿಯೇ ಆರ್ಡರ್ ಮಾಡಬೇಕು. ದ್ರಾಕ್ಷಿ ಎಲೆಯಲ್ಲಿ ಹೂರಣ ಸುತ್ತಿದ ಡೋಲ್ಮಾದೆಸ್‌ನಲ್ಲೂ ಒಮ್ಮೊಮ್ಮೆ ಅನ್ನದ ಜೊತೆ ಖೀಮಾ ಇರುತ್ತದೆ.)

ಹುಡುಗನನ್ನು ಕೇಳಿದಾಗ ಅವನು ಚೀಸಿನ ರುಚಿಯ ಮಾತೇ ಎತ್ತಲಿಲ್ಲ. “ಪನೀರ ಅಂದ್ರು, ಪನೀರ ಇರಲಿಲ್ಲ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಎಲ್ಲಾರೂ ನನ್ನ ಬಾಯೀನ ನೋಡ್ತಾರ” ಎಂದ.

ಇಬ್ಬರು ಹಿರಿಯರು ಒಮ್ಮೆಗೇ ಬಾಯಿ ತೆರೆದರು. ಕೈ ಎತ್ತಿ ತಡೆದೆ. ಸಲಹೆಯೆಲ್ಲ ಆ ಎರಡು ಮಾತಿನ ಮೇಲೇ ನಿಂತಿತು.

ಒಂದು, ಹೆಸರು ಮರೆಸಿ ತಿನ್ನಿಸಬೇಡಿ. ಒಮ್ಮೆ ಮೋಸ ಹೋದ ಮಗು ಮುಂದೆ ನಿಜವಾದ ಪನೀರನ್ನೂ ಮೂಸಿ ನೋಡುತ್ತದೆ. ಎರಡು, ಏನು, ಯಾವಾಗ, ಎಲ್ಲಿ ಉಣ್ಣಬೇಕು ಎಂಬುದು ಹಿರಿಯರ ಕೆಲಸ; ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಈ ಪಾಲು ಹಂಚಿಕೆಯನ್ನು ನಾನು ಬಿಟ್ಟುಕೊಡುವುದಿಲ್ಲ. “ಹಿಂಗ ಸಡ್ಲ ಬಿಟ್ರ ತಲಿ ಮ್ಯಾಲ ಕೂಡ್ತಾವ್ರೀ” ಎಂದರು ಅಜ್ಜಿ. ಇದು ಸಡಿಲ ಅಲ್ಲ ಆಯೀ, ಅಡಿಗೆಮನೆ ನಿಮ್ಮ ಕೈಯಲ್ಲೇ ಇದೆ. ಅವನು ಕೇಳಿದಾಗೆಲ್ಲ ಮ್ಯಾಗಿ ಮಾಡಿಕೊಡಿ ಎಂದು ನಾನು ಹೇಳಲಿಲ್ಲ ಎಂದೆ. ಹೊಸ ತಿನಿಸಿನ ಅಂಜಿಕೆ 2ರಿಂದ 6 ವರ್ಷದಲ್ಲಿ ಹೆಚ್ಚು; ಕೆಲವು ಮಕ್ಕಳಲ್ಲಿ ಆಮೇಲೂ ಉಳಿಯುತ್ತದೆ. ಒಂದು ಹೊಸ ರುಚಿ ಒಗ್ಗಲು 8ರಿಂದ 15 ಸಲ ಎದುರಿಗೆ ಬರಬೇಕಾಗಬಹುದು. ಒತ್ತಾಯದ ತುತ್ತು ಆ ಲೆಕ್ಕಕ್ಕೆ ಸೇರದು. ವಾಂತಿಯ ನೆನಪು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ.

ಮನೆಪಾಠವಾಗಿ ತ್ಸಾತ್ಸಿಕಿ, ಅಂದರೆ ಗ್ರೀಕರ ಮೊಸರು-ಸವತಿಕಾಯಿ ಪಚಡಿ, ಕೊಟ್ಟೆ. ಶ್ರೀಖಂಡ ಮಾಡುವ ಮನೆಗೆ ಚಕ್ಕಾ ಹೊಸದಲ್ಲ. ಅರ್ಧ ಕೆಜಿ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ 3 ತಾಸು ಬಸಿಯಬೇಕು. ಒಂದು ಸವತಿಕಾಯಿ ತುರಿದು, ಅರ್ಧ ಚಮಚ ಉಪ್ಪು ಹಚ್ಚಿ, 10 ನಿಮಿಷ ಬಿಟ್ಟು ಕೈಯಿಂದ ಹಿಂಡಬೇಕು. ಹಿಂಡದಿದ್ದರೆ ಬಟ್ಟಲಲ್ಲೇ ನೀರಾಗುತ್ತದೆ. ಒಂದು ಚಮಚ ಆಲಿವ್ ಎಣ್ಣೆ, ಸ್ವಲ್ಪ ಸಬ್ಬಸಿಗೆ. ಹಸಿ ಬೆಳ್ಳುಳ್ಳಿ ಹಿರಿಯರ ಬಟ್ಟಲಿಗೆ ಮಾತ್ರ. ಚಪಾತಿ ಪಕ್ಕದಲ್ಲಿಟ್ಟು ಎಲ್ಲರೂ ಬೇರೆ ಮಾತಾಡುತ್ತ ಉಣ್ಣುವುದು. “ತಿಂದ್ಯಾ?” ಎಂದು ಯಾರೂ ಕೇಳಬಾರದು, “ಶಾಣ್ಯಾ” ಅಂತಲೂ ಹೊಗಳಬಾರದು.

ರೆಸ್ಟೋರೆಂಟಿನಲ್ಲಿ ಏಳೂವರೆಗೇ ಕೂಡುವುದು, ಕಾರಿನಲ್ಲಿ ಕುರುಕಲು ಬೇಡ. ಗ್ರೀಕರ ಊಟದ ಮೆಝೆ ಪದ್ಧತಿ ಇಂಥ ಮಕ್ಕಳಿಗೆ ಅನುಕೂಲವೇ: ಸಣ್ಣ ಸಣ್ಣ ತಾಟು ನಡುವೆ, ಬೇಕಾದ್ದನ್ನು ಬೇಕಾದವರು ತೆಗೆದುಕೊಳ್ಳುವುದು. ಮೊದಲು ಪೀಟಾ ರೊಟ್ಟಿ, ಕರಿದ ಬಟಾಟಿ ತರಿಸಿ; ಸಾಸು ಬೇರೆ ಬಟ್ಟಲಲ್ಲಿ, ಮಗಳ ಜಗಳ ಅಲ್ಲೇ ಮುಗಿಯುತ್ತದೆ. ಉಳಿದದ್ದು ಎರಡನೇ ಆರ್ಡರಿಗೆ. ಜೇನಿನಲ್ಲಿ ಅದ್ದಿದ ಕರಿದ ಹಿಟ್ಟಿನ ಉಂಡೆ, ಲುಕುಮಾದೆಸ್, ತಲಾ ಒಂದೆರಡು, ಊಟದ ಜೊತೆಗೇ. “ಇದ ತಿಂದ್ರ ಅದ ಕೊಡ್ತೀನಿ” ಎಂದ ಕೂಡಲೇ ಪಲ್ಯ ಶಿಕ್ಷೆಯಾಗುತ್ತದೆ, ಸಿಹಿ ಬಹುಮಾನವಾಗುತ್ತದೆ.

“ಅಷ್ಟ ರೊಕ್ಕಾ ಕೊಟ್ಟು ಬರೇ ರೊಟ್ಟಿ ತಿಂದ್ರ?” ಎಂದು ಅಪ್ಪ ಕೇಳಿದ. ತಿನ್ನಲಿ. ನಿಮಗೆ ಬೇಕಾದ್ದು ನೀವು ತರಿಸಿಕೊಳ್ಳಿ ಎಂದೆ. ದೀಪಾವಳಿ ರಜೆಯಲ್ಲಿ ಮತ್ತೆ ಹೋಗಿ ಬಂದರು. ಹುಡುಗ ಪೀಟಾ, ಬಟಾಟಿ ತಿಂದ. ಫೆಟಾ ನೆಕ್ಕಿ ಕರವಸ್ತ್ರಕ್ಕೆ ಒರೆಸಿದ. ಸುಮ್ಮನಿರುವುದು ಅಪ್ಪನಿಗೆ ಬಲು ಕಷ್ಟವಾಯಿತಂತೆ.

ಈ ಸಲಹೆ ಎಲ್ಲ ಮಕ್ಕಳಿಗೂ ಸಾಲದು. ತೂಕ ಇಳಿಯುತ್ತಿದ್ದರೆ, ತಿನ್ನುತ್ತಿದ್ದ ತಿನಿಸುಗಳೇ ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮು ಬಂದರೆ ಅಥವಾ ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ ಅದು ಬರಿಯ ಹಟ ಅಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿಸಿಕೊಂಡ ‘ಆರ್ಫಿಡ್’ (ದೇಹಕ್ಕೆ ಸಾಲದಷ್ಟು ತಿನಿಸುಗಳನ್ನು ದೂರವಿಡುವುದು) ಎಂಬ ತೊಂದರೆಯೂ ಇರಬಹುದು. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಆಮೇಲೆ ಆಪ್ತಸಲಹೆಗೆ ಬನ್ನಿ.